ಕೆರೆಕಟ್ಟೆಯಿಂದ ಕೂಡ್ಲಿಯವರೆಗೆ: ತುಂಗೆಯ ಬೆನ್ನು ಹತ್ತಿ

‘ಹೊಳೆ ಕಾಣುವ ಕೋಣೆ’ ಎಂದು ತೀರ್ಥಹಳ್ಳಿಯಲ್ಲಿ 2,200 ರೂಪಾಯಿ ತೆಗೆದುಕೊಂಡರು. ಕಿಟಕಿ ತೆರೆದರೆ ಕಂಡದ್ದು ಪಕ್ಕದ ಮನೆಯ ನೀರಿನ ಟ್ಯಾಂಕು. ಕೇಳಿದ್ದಕ್ಕೆ, “ಮಹಡಿಯಿಂದ ಕಾಣುತ್ತದೆ ಸಾರ್” ಎಂದರು. ಮಹಡಿಗೆ ಬೀಗ. ಮುಂಗಡ ಕೊಡುವ ಮೊದಲು ಕಿಟಕಿ ತೆರೆಸಿ ನೋಡಿ.

ಸೆಪ್ಟೆಂಬರ್ ಕೊನೆಯಲ್ಲಿ ಹೋಗಿದ್ದೆ. ಕೆರೆಕಟ್ಟೆಯಿಂದ ಶೃಂಗೇರಿಗೆ ಬರುವ ದಾರಿಯಲ್ಲಿ ತುಂಗೆಗೆ ಇನ್ನೂ ಎಳೆಯ ಪ್ರಾಯ. ಕಿರಿದಾದ ಪಾತ್ರ, ತುಂಬ ಬಂಡೆ, ಪಕ್ಕದವರ ಮಾತು ಕೇಳಿಸದಷ್ಟು ಭೋರ್ಗರೆತ. ತೋಟದ ಕಾಲುಸಂಕದ ಮೇಲಿಂದ ಒಂದು ಅಡಿಕೆ ಸಿಪ್ಪೆ ಎಸೆದೆ. ಇಷ್ಟು ಆರ್ಭಟದ ನೀರು, ಕ್ಷಣದಲ್ಲಿ ಕಣ್ಮರೆಯಾದೀತು ಎಂದುಕೊಂಡಿದ್ದೆ. ಅದೋ ಬಂಡೆಯ ಹಿಂದೆ ಸುತ್ತಿತು, ಸಿಕ್ಕಿಕೊಂಡಿತು, ಬಿಡಿಸಿಕೊಂಡು ಮತ್ತೆ ಸುತ್ತಿತು. ದಡದಲ್ಲಿ ನಿಧಾನವಾಗಿ ನಡೆದ ನಾನೇ ಮುಂದಾದೆ.

ಶೃಂಗೇರಿಯ ಮೀನುಗಳ ಬಗ್ಗೆ ಎಲ್ಲರೂ ಹೇಳುತ್ತಾರೆ, ಬಿಡಿ.

ತೀರ್ಥಹಳ್ಳಿಯಲ್ಲಿ ಕೋಣೆಯ ಕೋಪ ಇಳಿಸಿದ್ದು ಬಸ್ ನಿಲ್ದಾಣದಿಂದ ತುಸು ದೂರದ, ನಾಲ್ಕೇ ಮೇಜಿನ ಖಾನಾವಳಿ. ಪತ್ರೊಡೆಯನ್ನು ಹಬೆಯಲ್ಲಿ ಬೇಯಿಸಿ, ಹೆಚ್ಚಿ, ಕಾಯಿತುರಿ ಬೆರೆಸಿ ಒಗ್ಗರಣೆ ಹಾಕಿದ್ದರು. ಕೆಸುವಿನ ಎಲೆಗೆ ಹುಳಿ ಸರಿಯಾಗಿ ಬಿದ್ದಿತ್ತು, ಗಂಟಲು ಒಂದಿಷ್ಟೂ ಕೆರೆಯಲಿಲ್ಲ. ಬಡಿಸುತ್ತಿದ್ದ ಅಮ್ಮ, “ಇನ್ನೊಂದು ಹಾಕಿಸಿಕೊಳ್ಳಿ, ಮಳೆ ಹೋದರೆ ಈ ಎಲೆ ಸಿಗುವುದಿಲ್ಲ” ಎಂದರು. ಮೂರು ಸಲ ಹಾಕಿಸಿಕೊಂಡೆ. ಊಟವೂ ಸೇರಿ 90 ರೂಪಾಯಿ. ಒಂದೂವರೆಯೊಳಗೆ ಹೋಗಿ, ಆಮೇಲೆ ಬರೀ ಅನ್ನ ಸಾರು.

ಮಂಡಗದ್ದೆಯಲ್ಲಿ ಹೊಳೆ ನಡುವಿನ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ. ಗಾಜನೂರಿನ ಹಿನ್ನೀರಿನಲ್ಲಿ ತುಂಗೆ ನಿಂತ ಕೆರೆಯಂತೆ. ಹೊತ್ತು ತಂದ ಮಣ್ಣನ್ನು ಇಳಿಸುವುದು ಇಂಥ ಕಡೆಯೇ. ಸಕ್ರೆಬೈಲಿನ ಆನೆ ಬಿಡಾರದ ಬಳಿ ಬಸ್ಸಿನಿಂದ ಇಳಿಯಲೇ ಇಲ್ಲ. ಭಾನುವಾರದ ಆ ಜನಜಂಗುಳಿ ನನಗೆ ಆಗದು.

ಕೂಡ್ಲಿಗೆ ಹೋಗುವವರು ಮಾತ್ರ ಇದನ್ನು ಗಮನವಿಟ್ಟು ಓದಿ. ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿ ಬೇರೆ ಬೇರೆ ದಾರಿ ಹಿಡಿದ ತುಂಗೆ, ಭದ್ರೆ ಇಲ್ಲಿ ಸೇರುತ್ತವೆ. ಅಗಲವಾದ ಪಾತ್ರ, ಸದ್ದಿಲ್ಲ, ನೊರೆಯಿಲ್ಲ. ಮಲಗಿದೆ ಎಂದೇ ಅನಿಸುತ್ತದೆ. ಅದೇ ಚೀಲದ ಇನ್ನೊಂದು ಸಿಪ್ಪೆ ಎಸೆದೆ. ದಡದಲ್ಲಿ ಓಡುನಡಿಗೆಯಲ್ಲಿ ಹೋದರೂ ಹಿಡಿಯಲಾಗಲಿಲ್ಲ! ಮೇಲೆ ಕೆರೆಕಟ್ಟೆಯ ಕಡೆ ನೀರು ತನ್ನ ಕಸುವನ್ನೆಲ್ಲ ಬಂಡೆಗಳಿಗೆ ಬಡಿದುಕೊಳ್ಳುವುದರಲ್ಲೇ ಕಳೆಯುತ್ತದೆ. ಆ ಗದ್ದಲ ವೇಗದ್ದಲ್ಲ, ತಿಕ್ಕಾಟದ್ದು. ಕೆಳಗೆ ಮಾಲತಿಯಂಥ ಉಪನದಿಗಳ ನೀರೂ ಕೂಡಿ ಹೊಳೆ ಆಳವಾಗುತ್ತದೆ. ತಳಕ್ಕೆ, ದಡಕ್ಕೆ ತಾಗುವ ನೀರಿನ ಪಾಲು ಕಡಿಮೆ, ತಡೆಯೂ ಕಡಿಮೆ.

ಆದ್ದರಿಂದ ಮಳೆಗಾಲದಲ್ಲಿ ಕೂಡ್ಲಿಯ ಮೆಟ್ಟಿಲಿನ ಮೇಲೆಯೇ ಕುಳಿತು ಚೊಂಬಿನಿಂದ ಸ್ನಾನ ಮಾಡಿ. ತಿರುವುಗಳಲ್ಲಿ ಹೊರಬದಿಯ ದಡಕ್ಕೆ ಹೋಗಬೇಡಿ. ನೀರು ಅಲ್ಲಿ ಬುಡವನ್ನೇ ಕೊರೆದಿರುತ್ತದೆ. ಶಿವಮೊಗ್ಗಕ್ಕೆ ಹಿಂದಿರುಗುವ ಕೊನೆಯ ಬಸ್ಸಿನ ಹೊತ್ತನ್ನು ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ. ನಾನು ಕೇಳಲಿಲ್ಲ, ಆಟೋದವರಿಗೆ 500 ರೂಪಾಯಿ ತೆತ್ತೆ.