ತ್ಸುರುಹಾಶಿಯಲ್ಲಿ ಒಂದು ತಟ್ಟೆ ಹರಾಮಿ

16 ನವೆಂಬರ್ 2024, ಶನಿವಾರ
ಒಸಾಕಾ

ತ್ಸುರುಹಾಶಿ ನಿಲ್ದಾಣದಲ್ಲಿ ರೈಲಿನಿಂದ ಇಳಿದವರಿಗೆ ಮಾಂಸವನ್ನು ಕೆಂಡದ ಮೇಲೆ ಸುಟ್ಟು ತಿನ್ನುವ ಯಾಕಿನಿಕು ಅಂಗಡಿಗಳ ದಾರಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೆಂಡದ ಮೇಲೆ ಸುಡುತ್ತಿರುವ ದನದ ಮಾಂಸದ ವಾಸನೆ, ಅದಕ್ಕೆ ಬೆರೆತ ಬೆಳ್ಳುಳ್ಳಿ ಮತ್ತು ಎಳ್ಳೆಣ್ಣೆಯ ಘಮ ಪ್ಲಾಟ್‌ಫಾರ್ಮ್‌ವರೆಗೂ ಬರುತ್ತದೆ. ಜಪಾನಿನ ಪರಿಸರ ಸಚಿವಾಲಯವು 2001ರಲ್ಲಿ ದೇಶದ ನೂರು ಪರಿಮಳದ ತಾಣಗಳನ್ನು ಆರಿಸಿದಾಗ, ಈ ನಿಲ್ದಾಣದ ಸುತ್ತಲಿನ ಗಲ್ಲಿಗಳೂ ಆ ಪಟ್ಟಿಯಲ್ಲಿ ಸೇರಿದ್ದವು. ಕೊರಿಯಾ ಜಪಾನಿನ ವಸಾಹತಾಗಿದ್ದ ಕಾಲದಲ್ಲಿ ಅಲ್ಲಿಂದ, ಅದರಲ್ಲೂ ಜೇಜು ದ್ವೀಪದಿಂದ, ದುಡಿಮೆ ಹುಡುಕಿಕೊಂಡು ಬಂದವರು ಈ ಭಾಗದಲ್ಲಿ ನೆಲೆ ನಿಂತರು. ಎರಡನೆಯ ಮಹಾಯುದ್ಧದ ನಂತರ ಇಲ್ಲಿ ಎದ್ದ ಕಾಳಸಂತೆಯ ಆಸುಪಾಸಿನಲ್ಲಿ ಅವರು ಮಾಂಸವನ್ನೂ ಇತರರು ಅಷ್ಟಾಗಿ ಕೇಳದ ಬೋಟಿ, ಲಿವರ್‌ಗಳನ್ನೂ ಸುಟ್ಟು ಮಾರತೊಡಗಿದರು. ಇಂದು ಯಾಕಿನಿಕು ಜಪಾನಿನ ಊಟವೆಂದೇ ಲೋಕಕ್ಕೆಲ್ಲ ಪರಿಚಿತವಾಗಿದ್ದರೂ ಅದರ ಬೇರು ಇಂಥ ಗಲ್ಲಿಗಳಲ್ಲಿದೆ.

ಇಂದು ಸಂಜೆ ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಕರೆದೊಯ್ದದ್ದು ಹರಾಮಿಗೆಂದೇ ಹೆಸರಾದ ಒಂದು ಸಣ್ಣ ಅಂಗಡಿಗೆ. ಹರಾಮಿ ಎಂದರೆ ದನದ ಎದೆಗೂಡಿಗೂ ಹೊಟ್ಟೆಗೂ ನಡುವೆ ಇರುವ ವಪೆ, ಅಂದರೆ ಉಸಿರಾಟದ ಸ್ನಾಯು. ಏಳುನೂರು ಕಿಲೋ ದಾಟಿದ ಒಂದು ಕಪ್ಪು ವಾಗ್ಯೂ ಎಂಬ ಜಪಾನಿ ತಳಿಯ ದನದಲ್ಲಿ ಅದು ಸಿಗುವುದು ಎರಡು ಮೂರು ಕಿಲೋ ಮಾತ್ರ. ಮೇಲಿನ ಗಟ್ಟಿ ಪೊರೆಯನ್ನು ಸುಲಿದು ಅಂಚುಗಳನ್ನು ಕತ್ತರಿಸಿದ ಮೇಲೆ ತಟ್ಟೆಗೆ ಬರುವುದು ಇನ್ನೂ ಕಡಿಮೆ. ಆದ್ದರಿಂದಲೇ ಜಪಾನಿನದೇ ದನದ ಹರಾಮಿ ಇಷ್ಟೇ ತಟ್ಟೆ ಎಂಬ ಲೆಕ್ಕ ಅಂಗಡಿ ತೆರೆಯುವ ಮೊದಲೇ ಮುಗಿದಿರುತ್ತದೆ, ತಡವಾಗಿ ಬಂದವರು ಬೇರೇನಾದರೂ ತಿನ್ನಬೇಕಾಗುತ್ತದೆ.

ಗೋಡೆಯ ಮೇಲೆ ಒಂದು ಕಪ್ಪು ಹಲಗೆಯಿತ್ತು. ಅದರಲ್ಲಿ ಆ ದಿನದ ಕಾರುಬಿ (ಪಕ್ಕೆಲುಬಿನ ಭಾಗ), ರೋಸು (ಬೆನ್ನಿನ ಭಾಗ) ಮಾಂಸಗಳ ಮುಂದೆ ಹತ್ತು ಅಂಕಿಗಳ ಒಂದೊಂದು ಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ಬರೆದಿದ್ದರು. ಜಪಾನಿನಲ್ಲಿ 2001ರಲ್ಲಿ ಹುಚ್ಚು ಹಸು ರೋಗ ಕಾಣಿಸಿಕೊಂಡ ಮೇಲೆ 2003ರಲ್ಲಿ ಬಂದ ಕಾನೂನಿನಂತೆ ಪ್ರತಿಯೊಂದು ದನದ ಕಿವಿಗೂ ಇಂಥದೊಂದು ಸಂಖ್ಯೆಯ ಓಲೆ ಬೀಳುತ್ತದೆ, ಯಾಕಿನಿಕು ಅಂಗಡಿಗಳು ಅದನ್ನು ಗಿರಾಕಿಗಳಿಗೆ ಕಾಣುವಂತೆ ತಿಳಿಸಬೇಕು. ಕುತೂಹಲಕ್ಕೆಂದು ಕಾರುಬಿಯ ಸಂಖ್ಯೆಯನ್ನು ಫೋನಿನಲ್ಲಿ ಒತ್ತಿದೆ. ಅದು ಹುಟ್ಟಿದ ದಿನ, ಗಂಡೋ ಹೆಣ್ಣೋ, ತಳಿ, ಯಾವ ಯಾವ ಪ್ರಾಂತ್ಯದಲ್ಲಿ ಬೆಳೆಯಿತು, ಯಾವಾಗ ಕಸಾಯಿಖಾನೆಗೆ ಬಂತು ಎಂಬುದೆಲ್ಲ ಪರದೆಯ ಮೇಲೆ ಮೂಡಿತು. ಇನ್ನು ಕೆಲವೇ ನಿಮಿಷಗಳಲ್ಲಿ ತಿನ್ನಲಿರುವ ಮಾಂಸದ ಜಾತಕವನ್ನು ಓದುವುದು ಎಲ್ಲರಿಗೂ ಹಿಡಿಸುವ ಕೆಲಸವಲ್ಲ. ನನಗೆ ಅದು ಒಂದು ಬಗೆಯ ಮರ್ಯಾದೆ ಎನಿಸಿತು.

ಹರಾಮಿಯ ಮುಂದೆ ಮಾತ್ರ ಯಾವ ಸಂಖ್ಯೆಯೂ ಇರಲಿಲ್ಲ. ಏಕೆಂದು ಕೇಳಿದಾಗ ಅಂಗಡಿಯ ಯಜಮಾನರು, "ಲೆಕ್ಕದ ಪ್ರಕಾರ ಅದು ಮಾಂಸವಲ್ಲವಲ್ಲ, ಒಳಾಂಗ" ಎಂದು ನಕ್ಕರು. ಮಾತು ನಿಜ. ಕಣ್ಣಿಗೆ, ಹಲ್ಲಿಗೆ, ನಾಲಿಗೆಗೆ ಅದು ಕೆಂಪು ಮಾಂಸವೇ ಆದರೂ ಜಪಾನಿನ ವ್ಯಾಪಾರದಲ್ಲಿ ಹರಾಮಿಯು ಬೋಟಿ, ಲಿವರ್‌ಗಳ ಸಾಲಿಗೆ ಸೇರುತ್ತದೆ, ಒಳಾಂಗಗಳಿಗೆ ಆ ಸಂಖ್ಯೆಯ ಕಟ್ಟುಪಾಡು ಇಲ್ಲ. ಎಲ್ಲರ ಬಾಯಲ್ಲೂ ಓಡಾಡುವ ಎ5 ಎಂಬ ಅತ್ಯುನ್ನತ ದರ್ಜೆಯೂ ಅದಕ್ಕೆ ತಾಗುವುದಿಲ್ಲ. ಒಳಾಂಗಗಳನ್ನೆಲ್ಲ ತೆಗೆದ ಮೇಲೆ, ಆರನೆಯ ಮತ್ತು ಏಳನೆಯ ಪಕ್ಕೆಲುಬುಗಳ ನಡುವೆ ಕೊಯ್ದು, ಅಲ್ಲಿ ಕಾಣುವ ಕೊಬ್ಬಿನ ಎಳೆಗಳು, ಮಾಂಸದ ಬಣ್ಣ, ಬಿಗಿ ಮತ್ತು ಕೊಬ್ಬಿನ ಬಣ್ಣವನ್ನು ನೋಡಿ ದರ್ಜೆಯ ಅಂಕಿಯನ್ನು ಕೊಡುತ್ತಾರೆ; ಎ ಎಂಬ ಅಕ್ಷರವಂತೂ ಆ ದನದಿಂದ ಎಷ್ಟು ಮಾಂಸ ದಕ್ಕುತ್ತದೆ ಎಂಬುದರ ಲೆಕ್ಕವೇ ಹೊರತು ರುಚಿಯದಲ್ಲ. ಹೀಗಾಗಿ ಅಂಗಡಿಯಲ್ಲಿ ಎಲ್ಲಕ್ಕಿಂತ ಮೊದಲು ಖಾಲಿಯಾಗುವ ಪದಾರ್ಥಕ್ಕೆ ದರ್ಜೆಯೂ ಇಲ್ಲ, ಸಂಖ್ಯೆಯೂ ಇಲ್ಲ. ಇಲ್ಲಿ ಗಿರಾಕಿ ನಂಬುವುದು ಯಜಮಾನರನ್ನು, ಯಜಮಾನರು ನಂಬುವುದು ಒಳಾಂಗಗಳ ಸಗಟು ವ್ಯಾಪಾರಿಯನ್ನು.

ತಟ್ಟೆ ಬಂತು. ಹೆಬ್ಬೆರಳಿನಷ್ಟು ದಪ್ಪದ, ಗಾಢ ಕೆಂಪು ಬಣ್ಣದ ತುಂಡುಗಳು; ಸೀರೆಯ ನೆರಿಗೆಗಳಂತೆ ಒತ್ತೊತ್ತಾಗಿ ನಿಂತ ಉರುಟು ಎಳೆಗಳು, ಅವುಗಳ ನಡುವೆ ಕೊಬ್ಬಿನ ಸಣ್ಣ ಗೆರೆಗಳು. ಎಳೆಗೆ ಅಡ್ಡವಾಗಿ ಕೊಯ್ದಿದ್ದರಿಂದ ಕಚ್ಚಿದಾಗ ನಾರು ನಾರಾಗದೆ ಬಿಡಿಬಿಡಿಯಾಗುತ್ತದೆ. ಬರೀ ಉಪ್ಪು, ಮೆಣಸಿನ ಪುಡಿ ಉದುರಿಸಿದ್ದರು. ಸಹೋದ್ಯೋಗಿಯವರು ಇಕ್ಕಳವನ್ನು ನನ್ನ ಕೈಗೆ ಕೊಡಲಿಲ್ಲ. ಒಂದು ಮಗ್ಗುಲನ್ನು ಜಾಲರಿಯ ಮೇಲೆ ಅಲುಗಾಡಿಸದೆ ಬಿಟ್ಟು, ಮೇಲ್ಮೈಯಲ್ಲಿ ರಸದ ಹನಿಗಳು ಒಸರಿದ ಮೇಲಷ್ಟೇ ಮಗುಚಿ, ನಾಲ್ಕೂ ಅಂಚುಗಳನ್ನು ಕೆಂಡಕ್ಕೆ ತೋರಿಸಿ, ಜಾಲರಿಯ ಬದಿಗೆ ಸರಿಸಿ ಸ್ವಲ್ಪ ಹೊತ್ತು ಸುಮ್ಮನಿಟ್ಟರು. ಹಸಿ ಮಾಂಸ ಮುಟ್ಟಿದ ಇಕ್ಕಳವನ್ನು ಬೆಂದ ತುಂಡಿಗೆ ತಾಗಿಸುವುದು ಇಲ್ಲಿ ದೊಡ್ಡ ತಪ್ಪು. 2011ರಲ್ಲಿ ಹಸಿ ದನದ ಮಾಂಸ ತಿಂದು ಜನ ಸತ್ತ ಪ್ರಕರಣದ ನಂತರ ನಿಯಮಗಳು ಬಿಗಿಯಾದವು, 2012ರ ಜುಲೈಯಿಂದ ಹಸಿ ಲಿವರನ್ನು ಬಡಿಸುವುದನ್ನೇ ನಿಷೇಧಿಸಲಾಯಿತು.

ಮೊದಲ ತುತ್ತಿನಲ್ಲಿ ಹೊರಗಿನ ಗರಿಗರಿ, ಆಮೇಲೆ ಒಳಗಿನ ಬಿಸಿ ರಸ, ಕೊನೆಗೆ ಲಿವರಿನ ನೆನಪು ತರುವ ತೆಳುವಾದ ಕಬ್ಬಿಣದಂಥ ರುಚಿ. ಮಸಾಲೆಯಲ್ಲಿ ಗಂಟೆಗಟ್ಟಲೆ ಬೆಂದ ಮಾಂಸವನ್ನೇ ತಿಂದು ಬೆಳೆದ ನನ್ನ ನಾಲಿಗೆಗೆ ಇದು ಅರೆಬೆಂದದ್ದು ಎನ್ನಿಸಬೇಕಿತ್ತು, ಅನ್ನಿಸಲಿಲ್ಲ. ಬೆಣ್ಣೆಯಂತೆ ಕರಗುವ ಎ5 ಕಾರುಬಿಯನ್ನೂ ಜೊತೆಗೆ ತರಿಸಿದ್ದೆವು. ಅದು ಎರಡು ತುಂಡಿಗೇ ಸಾಕಾಯಿತು. ಹರಾಮಿಯನ್ನು ಅನ್ನದ ಜೊತೆ ತಿನ್ನುತ್ತಲೇ ಇರಬಹುದು.

ಇನ್ನೊಂದು ತಟ್ಟೆ ಕೇಳಿದಾಗ ಜಪಾನಿನದು ಮುಗಿದಿತ್ತು. ಅಮೆರಿಕದ ಹರಾಮಿ ಇದೆ, ಅರ್ಧ ಬೆಲೆಗೆ ಕೊಡುತ್ತೇನೆ ಎಂದು ಯಜಮಾನರು ಮುಚ್ಚುಮರೆಯಿಲ್ಲದೆ ಹೇಳಿದರು. ಅದನ್ನು ಮಿಸೋ ಬೆರೆಸಿದ ತಾರೆ ಸಾಸಿನಲ್ಲಿ ಅದ್ದಿ ತಂದರು. ಕೊಬ್ಬು ಕಡಿಮೆ, ಎಳೆ ಸ್ವಲ್ಪ ಬಿಗಿ, ಅಗಿಯುವ ಕೆಲಸ ಹೆಚ್ಚು. ಉಪ್ಪಿನಲ್ಲಿ ಬಹುಶಃ ಸಪ್ಪೆಯಾಗುತ್ತಿತ್ತು, ಆದರೆ ತಾರೆಯ ಸಿಹಿಖಾರವನ್ನು ಅದು ಚೆನ್ನಾಗಿ ಹಿಡಿದಿತ್ತು. ಬೀಯರ್ ಜೊತೆಗಾದರೆ ಇದೇ ವಾಸಿ ಎಂದು ಸಹೋದ್ಯೋಗಿಯವರ ತೀರ್ಪು. ನಾನು ಒಪ್ಪಲಿಲ್ಲ, ತಟ್ಟೆಯನ್ನಂತೂ ಇಬ್ಬರೂ ಖಾಲಿ ಮಾಡಿದೆವು.