ಹಳದಿ ಕಾರ್ಡಿನ ಮನೆ

ಮೊನ್ನೆ ಕಾಸರಗೋಡಿನ ಬದಿಯಡ್ಕದಲ್ಲಿ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಮುಂದೆ ನೆರೆಮನೆಯ ಅಕ್ಕ, ಕೈಯಲ್ಲಿ ಹಳದಿ ಕಾರ್ಡು. ಮನೆಯಲ್ಲಿ ಒಂಬತ್ತು ಜನ. ಹಿಂದಿನಿಂದ ಯಾರೋ ಹೇಳಿದರು, “ಮಕ್ಕಳು ಜಾಸ್ತಿಯಾದಷ್ಟೂ ಅಕ್ಕಿ ಜಾಸ್ತಿ, ಅಲ್ವಾ?” ಅಕ್ಕ ತಲೆ ತಗ್ಗಿಸಿ ಚೀಲ ಬಿಡಿಸಿದರು.

ಆ ಮಾತೇ ತಪ್ಪು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಅಂತ್ಯೋದಯದ ಮನೆಗೆ, ಅಂದರೆ ಕಡುಬಡವರ ಮನೆಗೆ, ನಮ್ಮ ಕೇರಳದಲ್ಲಿ ಹಳದಿ ಕಾರ್ಡಿಗೆ, ತಿಂಗಳಿಗೆ 35 ಕಿಲೋ ಧಾನ್ಯ. ಇಬ್ಬರಿದ್ದರೂ ಅಷ್ಟೇ, ಒಂಬತ್ತು ಮಂದಿಯಿದ್ದರೂ ಅಷ್ಟೇ. ಅಕ್ಕನ ಮನೆಯಲ್ಲಿ ತಲೆಗೆ 4 ಕಿಲೋ ಕೂಡ ಬರುವುದಿಲ್ಲ. ಆದ್ಯತಾ ವರ್ಗದ ಪಿಂಕ್ ಕಾರ್ಡಿನವರಿಗಾದರೆ ತಲೆಗೆ 5 ಕಿಲೋ.

ಅಕ್ಕ ರಾತ್ರಿ ಹತ್ತರವರೆಗೆ ಬೀಡಿ ಕಟ್ಟುತ್ತಾರೆ. ಆ ಒಂಬತ್ತರಲ್ಲಿ ಇಬ್ಬರು, ತೀರಿಹೋದ ತಂಗಿಯ ಮಕ್ಕಳು. ನಾನು ಅಲ್ಲೇ ತಿರುಗಿ ಹೇಳಬೇಕಿತ್ತು. ಹೇಳಲಿಲ್ಲ. ಸುಮ್ನೆ ಅವರ ಚೀಲ ಎತ್ತಿ ಆಟೋದಲ್ಲಿಟ್ಟೆ.