ಸೆನ್ಸರ್ ಹಾಕಿದ್ರೆ ಮುಗೀತಲ್ವಾ?

ಮುಗಿಯಲ್ಲ. ನಿಮ್ಮ ಅದೃಷ್ಟ ಚೆನ್ನಾಗಿದ್ರೆ ಮುಗಿಯಬಹುದು. ಇದಕ್ಕಿಂತ ಜಾಸ್ತಿ ಫೋನಿನಲ್ಲಿ ಹೇಳೋಕೆ ನನ್ನಿಂದ ಆಗಲ್ಲ, ಅದಕ್ಕೇ ಬರೀತಿದ್ದೀನಿ.

ಹಾಸನದಲ್ಲಿ ಡೀಸೆಲ್ ಗಾಡಿ ರಿಪೇರಿ ಮಾಡುವವನು ನಾನು. ದಿನಾ ಯಾರಾದರೊಬ್ಬರು ಕೇಳುತ್ತಾರೆ: "ಅಣ್ಣ, ಸ್ಕ್ಯಾನರ್ ಹಾಕಿಸಿದೆ, ರೈಲ್ ಪ್ರೆಶರ್ ಸೆನ್ಸರ್ ಅಂತ ಬಂತು. ಹೊಸದು ಹಾಕಿದ್ರೆ ಮುಗೀತಲ್ವಾ?" ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಕಟಿಂಗ್ ಶಾಪಿನಲ್ಲಿ ಮುಖಕ್ಕೆಲ್ಲ ಸೋಪು ಹಚ್ಚಿಕೊಂಡು ಕೂತಿದ್ದಾಗಲೂ ಕೇಳಿದ್ದಾರೆ. ತೀರ್ಪು ಅವರೇ ಬರೆದು ತಂದಿರುತ್ತಾರೆ, ನಾನು ಸಹಿ ಹಾಕಬೇಕು.

ಗಾಡಿಯ ಕಂಪ್ಯೂಟರ್ ಬರೆದಿಟ್ಟ ತಪ್ಪಿನ ಕೋಡ್ ಓದೋ ಯಂತ್ರ ಈ ಸ್ಕ್ಯಾನರ್. ಅದು ಹೇಳೋದು ಏನು ಅಂತ ಮೊದಲು ಕೇಳಿ. ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪಿಗೆ ರೈಲ್ ಅಂತಾರೆ, ಅದರೊಳಗಿನ ಪ್ರೆಶರ್ ಅಳೆಯೋದು ಈ ಸೆನ್ಸರ್. ಅದಕ್ಕೆ ಮೂರು ವೈರ್. ಒಂದರಲ್ಲಿ 5 ವೋಲ್ಟ್ ಹೋಗುತ್ತೆ, ಒಂದು ಅರ್ಥ್, ಇನ್ನೊಂದು ಸಿಗ್ನಲ್. ಕೀ ಆನ್ ಇದ್ದು ಎಂಜಿನ್ ಆಫ್ ಇದ್ದಾಗ ಸಿಗ್ನಲ್ ಸುಮಾರು ಅರ್ಧ ವೋಲ್ಟ್, ಪೂರ್ತಿ ಪ್ರೆಶರ್‌ನಲ್ಲಿ ಸುಮಾರು ನಾಲ್ಕೂವರೆ. ಇಸಿಯುಗೆ, ಅಂದ್ರೆ ಎಂಜಿನ್ ನಡೆಸೋ ಆ ಕಂಪ್ಯೂಟರ್‌ಗೆ, ಕಾಣೋದು ಈ ವೋಲ್ಟೇಜ್ ಮಾತ್ರ. ಪಿ 0192 ಅಂದ್ರೆ ಅದು ತೀರಾ ಕಮ್ಮಿ, 0193 ಅಂದ್ರೆ ತೀರಾ ಜಾಸ್ತಿ, 0194 ಅಂದ್ರೆ ಬಂದು ಬಂದು ಹೋಗ್ತಿದೆ. ಯಾಕೆ ಅಂತ ಅದಕ್ಕೆ ಗೊತ್ತಿಲ್ಲ. ಸೆನ್ಸರ್ ಹೋಗಿರಬಹುದು. ವೈರ್ ಜೋಡಿಸೋ ಕಪ್ಲರ್ ಒಳಗೆ ನೀರು ಹೋಗಿರಬಹುದು, ಪಿನ್ ಸಡಿಲ ಆಗಿರಬಹುದು, ಇಲಿ ವೈರ್ ಕಡಿದಿರಬಹುದು. ಎಲ್ಲದಕ್ಕೂ ಅದೇ ಕೋಡ್ ಬರಬಹುದು.

ಕಳೆದ ಮಳೆಗಾಲದಲ್ಲಿ ಒಬ್ಬರು ಕಾರು ತಂದರು. ಶಿರಾಡಿ ಘಾಟಿಯಲ್ಲಿ ನಿಂತುಹೋಗುತ್ತೆ, ಊರೊಳಗೆ ಏನೂ ತೊಂದರೆ ಇಲ್ಲ. ಬೇರೆ ಕಡೆ ಆಗಲೇ ಹೊಸ ಸೆನ್ಸರ್ ಹಾಕಿದ್ದರು. ಕೋಡನ್ನೂ ಕ್ಲಿಯರ್ ಮಾಡಿ ಕಳಿಸಿದ್ದರು, ಅಂದ್ರೆ ಇದ್ದ ಸಾಕ್ಷಿಯನ್ನೂ ಅಳಿಸಿ. ಇನ್ನೊಬ್ಬರು "ಫಿಲ್ಟರ್ ಚೋಕ್, ಇಲ್ಲಾಂದ್ರೆ ಪಂಪು" ಅಂದಿದ್ದರಂತೆ. ಯಾವಾಗ ನಿಲ್ಲುತ್ತೆ ಸಾರ್ ಅಂದೆ. "ಹೇಳೋಕಾಗಲ್ಲ, ಆಗಾಗ" ಅಂದರು. ಹೇಗೆ ನಿಲ್ಲುತ್ತೆ ಅಂದೆ. "ನಿಲ್ಲುತ್ತೆ ಅಷ್ಟೇ" ಅಂದರು. ಸೆನ್ಸರ್ ಡೂಪ್ಲಿಕೇಟ್ ಇರಬಹುದು, ಇನ್ನೊಂದು ಹಾಕಿ ಅಂತ ಸಲಹೆ ಬೇರೆ.

ಹಿಂದಿನ ಸೀಟಿನಲ್ಲಿ ಅವರ ತಾಯಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. "ಏರಲ್ಲಿ ಮಾತ್ರ ಕಣಪ್ಪ," ಅಂದರು. "ಇವನು ಗೇರ್ ಇಳಿಸಿ ಜೋರಾಗಿ ಒತ್ತಿದಾಗ. ಲೈಟ್ ಆರಿಸಿದ ಹಾಗೆ ಟಪ್ ಅಂತ ನಿಲ್ಲುತ್ತೆ. ಕೀ ತಿರುಗಿಸಿದ್ರೆ ತಕ್ಷಣ ಸ್ಟಾರ್ಟು."

ಅರ್ಧ ಕೆಲಸ ಅಲ್ಲೇ ಆಯ್ತು. ಫಿಲ್ಟರ್ ಚೋಕ್ ಆದರೂ ಏರಿನಲ್ಲೇ ತೊಂದರೆ ಕಾಣೋದು, ನಿಜ. ಆದರೆ ಆಗ ಎಳೆತ ನಿಧಾನವಾಗಿ ಸಾಯುತ್ತೆ. ಲೈವ್ ಡೇಟಾದಲ್ಲಿ, ಅಂದ್ರೆ ಗಾಡಿ ಓಡುವಾಗಲೇ ಸ್ಕ್ಯಾನರ್ ತೋರಿಸೋ ಅಂಕಿಗಳಲ್ಲಿ, ಇಸಿಯು ಕೇಳಿದ ಪ್ರೆಶರ್ ಮೇಲೆ ಹೋಗ್ತಿರುತ್ತೆ, ಸಿಕ್ಕ ಪ್ರೆಶರ್ ಹಿಂದೆ ಬೀಳುತ್ತೆ, ಪ್ರೆಶರ್ ಕಮ್ಮಿ ಅಂತ ಪಿ 0087 ಬರುತ್ತೆ. ಇಲ್ಲಿ ಹಾಗಲ್ಲ, ಟಪ್. ನಾನು ಮೊದಲು ಅನುಮಾನಪಟ್ಟಿದ್ದು ವೈರಿಂಗ್ ಮೇಲೆ.

ಶೆಡ್ಡಿನಲ್ಲಿ ನಿಲ್ಲಿಸಿ ಎಷ್ಟು ರೇಸ್ ಮಾಡಿದರೂ ಏನೂ ಆಗಲಿಲ್ಲ. ಆಗೋದೂ ಇಲ್ಲ, ಲೋಡ್ ಇಲ್ಲವಲ್ಲ. ಕಪ್ಲರ್ ಹಿಂದಿನಿಂದ ಸಣ್ಣ ಪಿನ್ ತೂರಿಸಿ, 5 ವೋಲ್ಟ್ ಲೈನಿಗೆ ಮೀಟರ್ ಕೊಟ್ಟು, ವೈರ್ ಒಳಗೆ ಎಳೆದುಕೊಂಡು, ಹುಡುಗನ ಕೈಗೆ ಮೀಟರ್ ಕೊಟ್ಟು ಘಾಟಿಗೇ ಹೋದೆವು. ಮಾರನಹಳ್ಳಿಯಿಂದ ಕೆಳಗಿಳಿದು ವಾಪಸ್ ಹತ್ತುವಾಗ, ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿದೆ. 5 ಇದ್ದದ್ದು ಒಂದಕ್ಕಿಂತ ಕೆಳಗೆ ಬಿತ್ತು, ಎಂಜಿನ್ ಆಫ್. ಹಿಂದೆ ಲಾರಿಯವನು ಹಾರ್ನ್ ಹೊಡೆದಿದ್ದೇ ಹೊಡೆದಿದ್ದು, ನಾವಿಬ್ಬರೂ ಒಳಗೆ ಖುಷಿಪಡ್ತಿದ್ದೆವು.

ಆ 5 ವೋಲ್ಟ್ ಒಂದೇ ಸೆನ್ಸರ್‌ಗೆ ಹೋಗೋದಲ್ಲ. ಆ ಗಾಡಿಯಲ್ಲಿ ಟರ್ಬೊ ಗಾಳಿಯ ಒತ್ತಡ ಅಳೆಯೋ ಬೂಸ್ಟ್ ಪ್ರೆಶರ್ ಸೆನ್ಸರ್‌ಗೂ ಅದೇ ಲೈನ್. ಬೂಸ್ಟ್ ಕಡೆ ಹೋಗುವ ವೈರ್ ಒಂದು ಬ್ರಾಕೆಟ್‌ಗೆ ಉಜ್ಜಿ ಉಜ್ಜಿ ತಾಮ್ರ ಕಾಣ್ತಿತ್ತು. ಲೋಡ್ ಬಿದ್ದಾಗ ಎಂಜಿನ್ ಮೌಂಟಿಂಗ್ ಮೇಲೆ ವಾಲುತ್ತೆ, ತಾಮ್ರ ಬ್ರಾಕೆಟ್‌ಗೆ ತಾಗಿ ಅರ್ಥ್ ಆಗುತ್ತೆ, 5 ವೋಲ್ಟ್ ಬೀಳುತ್ತೆ. ರೈಲ್‌ನಲ್ಲಿ ಪ್ರೆಶರ್ ಇದ್ದರೂ ಇಲ್ಲ ಅಂತ ಸೆನ್ಸರ್ ಹೇಳುತ್ತೆ, ಇಸಿಯು ಎಂಜಿನ್ ನಿಲ್ಲಿಸುತ್ತೆ. ವೈರ್ ಜಾಯಿಂಟ್ ಮಾಡಿ, ಸ್ಲೀವ್ ಹಾಕಿ, ಬ್ರಾಕೆಟ್‌ನಿಂದ ದೂರ ಕಟ್ಟಿದೆ. "ಟೇಪ್ ಸುತ್ತೋಕೆ ಇಷ್ಟು ದುಡ್ಡಾ?" ಅಂತ ಕೇಳಿದರು. ಕೆಲಸಕ್ಕೆ ಬಾರದ ಸೆನ್ಸರ್‌ಗೆ ಇದಕ್ಕಿಂತ ಜಾಸ್ತಿ ಕೊಟ್ಟಿದ್ದರು, ಅಲ್ಲಿ ಚೌಕಾಸಿ ಇರಲಿಲ್ಲ.

ನನ್ನನ್ನು ಯಾರೂ ಕೇಳದ ಒಂದು ಪ್ರಶ್ನೆ ಇದೆ: "ಅಣ್ಣ, ಮುಂದಿನ ಸಲ ನಿಂತಾಗ ನಾನು ಏನು ನೋಡಲಿ?" ಕೇಳಿ ಸ್ವಾಮಿ, ಟೀ ಕೊಡಿಸ್ತೀನಿ. ಟಪ್ ಅಂತ ನಿಂತಿತಾ, ಎಳೆತ ಕಮ್ಮಿಯಾಗಿ ನಿಂತಿತಾ? ಏರಾ, ಹಂಪಾ? ಮಳೆ ಬರುವಾಗಲಾ, ವಾಟರ್ ವಾಶ್ ಆದ ಮೇಲಾ? ತಕ್ಷಣ ಸ್ಟಾರ್ಟ್ ಆಯ್ತಾ, ತುಂಬಾ ಹೊತ್ತು ಸೆಲ್ಫ್ ಹೊಡೀಬೇಕಾಯ್ತಾ? ತುಂಬಾ ಹೊತ್ತು ಅಂದ್ರೆ ರೈಲ್‌ನಲ್ಲಿ ಪ್ರೆಶರ್ ನಿಜವಾಗಿಯೂ ಇಳಿದಿರಬಹುದು, ಅದು ಬೇರೆ ಕಥೆ. ಡೀಸೆಲ್ ಎಷ್ಟಿತ್ತು, ಬೇರೆ ಯಾವ ಕೋಡ್ ಜೊತೆಗೆ ಬಂತು, ಅದನ್ನೂ ಬರೆದಿಡಿ. ಕೋಡ್ ಕ್ಲಿಯರ್ ಮಾಡಿಸಬೇಡಿ.

ಇನ್ನೊಂದು, ಹಳೇ ಗಾಡಿಯ ಹಾಗೆ ಎಂಜಿನ್ ಓಡುವಾಗ ಪೈಪ್ ಲೂಸ್ ಮಾಡಿ ನೋಡೋ ಬುದ್ಧಿವಂತಿಕೆ ಬೇಡ. ಸುಮ್ನೆ ನಿಂತು ಓಡುವಾಗಲೇ ಇನ್ನೂರು ಮುನ್ನೂರು ಬಾರ್ ಇರುತ್ತೆ, ಲೋಡಿನಲ್ಲಿ 1600 ದಾಟುವ ಗಾಡಿಗಳಿವೆ. ಆ ಡೀಸೆಲ್ ಚರ್ಮ ತೂತು ಮಾಡಿ ಒಳಗೆ ಹೋಗುತ್ತೆ.

ಹುಡುಕೋದಕ್ಕೆ ಬೇರೆ ಚಾರ್ಜ್ ಇದೆ, ಈಗಲೇ ಹೇಳಿದ್ದೀನಿ. ಸೆನ್ಸರ್ ನೀವೇ ಕೊಂಡು ತಂದಿದ್ರೆ ಪ್ಯಾಕ್ ಒಡೀಬೇಡಿ, ಬಿಲ್ಲೂ ಇಟ್ಕೊಳ್ಳಿ. ವಾಪಸ್ ಕೊಡೋಕೆ ಬೇಕಾಗುತ್ತೆ.